ಗುಂಡಿಲ್ಲದ ಬಂದೂಕೂ ಒದೆಯಿತು

ನಮ್ಮ ಭಾವ ಬಂದೂಕು ಹಾರಿಸುವ ಮೊದಲು ತಮ್ಮನ್ನು ತಾವೇ ಮರಕ್ಕೆ ಕಟ್ಟಿಕೊಂಡರು.

ನಗಬೇಡಿ. ಹೋದ ವರ್ಷದ ಮಾತು. ಭಾವ ಎಂದರೆ ನನ್ನ ಅಕ್ಕ ನೀಲವ್ವನ ಗಂಡ, ರುದ್ರಪ್ಪನವರು. ಇರುವುದು ತೇರಗಾಂವದಲ್ಲಿ. ಕಾಡಿಗೆ ತಾಗಿದ ಗದ್ದೆಯ ಬದುವಿನಲ್ಲಿ ಒಂದು ಮತ್ತಿಮರ, ಅದರ ಮೇಲೊಂದು ಅಟ್ಟ. ಭತ್ತಕ್ಕೆ ಬರುವ ಕಾಡುಹಂದಿಗಾಗಿ ಭಾವ ಹೊತ್ತು ಇಳಿಯುವಾಗ ಹೊಸ ಬಂದೂಕು ಹಿಡಿದು ಅಲ್ಲಿ ಕೂತರು. ಇದು ಒದ್ದರೆ ಎತ್ತು ಒದ್ದ ಹಾಗೆ, ಅಟ್ಟದಿಂದ ಕೆಳಗೇ ಬೀಳುತ್ತೀರಿ ಎಂದು ಊರಿನವರು ಹೆದರಿಸಿದ್ದರು. ಭಾವ ಏನು ಮಾಡಬೇಕು? ತಲೆಯ ಪಟಗಾ ಬಿಚ್ಚಿದರು. ಬೆನ್ನನ್ನು ಮರಕ್ಕೆ ಆನಿಸಿ, ಎದೆಯ ಮೇಲಿಂದ ಸುತ್ತು ಹಾಕಿ, ಬಿಗಿಯಾಗಿ ಗಂಟು ಹಾಕಿಕೊಂಡರು.

ಹಂದಿ ಬಂತು. ಗುಂಡು ಹಾರಿತು. ಭಾವ ಬೀಳಲಿಲ್ಲ, ಅದು ನಿಜ. ಆದರೆ ಬಂದೂಕು ಹಿಂದಕ್ಕೆ ನೂಕಿದಾಗ ಮೈಯೂ ಒಂದಿಷ್ಟು ಹಿಂದಕ್ಕೆ ಸರಿಯಬೇಕು. ಸರಿಯಲು ಪಟಗಾ ಬಿಟ್ಟರಲ್ಲವೇ? ಮುಂದೆ ಬಂದೂಕು, ಹಿಂದೆ ಮರ, ನಡುವೆ ಭಾವ. ಬಲಗಡೆಯ ಕೊರಳೆಲುಬು ಬಿರುಕು ಬಿಟ್ಟಿತು. (ಹಂದಿಗೆ ಏನೂ ಆಗಲಿಲ್ಲ. ಸಾವಕಾಶ ನಡೆದುಕೊಂಡೇ ಹೋಯಿತೆಂದು ಭಾವನೇ ಹೇಳುತ್ತಾರೆ.)

ಈ ಬಂದೂಕು ಮನೆಗೆ ಬಂದದ್ದು ಹೇಗೆಂದು ಹೇಳುತ್ತೇನೆ. ಕಟ್ಟಿಗೆ ವ್ಯಾಪಾರದ ಸಾಹೇಬನೊಬ್ಬ ವಿಲಾಯತಿಗೆ ಮರಳುವಾಗ ದಾಂಡೇಲಿಯ ತನ್ನ ಬಂಗಲೆಯ ಸಾಮಾನನ್ನೆಲ್ಲ ಲಿಲಾವಿಗೆ ಇಟ್ಟು ಕೂಗಿಸಿ ಮಾರಿದ. ಕುರ್ಚಿ, ಕನ್ನಡಿ, ಬಾತುಕೋಳಿ, ಎರಡು ಬಂದೂಕು. ಎರಡೂ ಒಂಟಿ ಗುಂಡಿನವು. ಒಂದು ಕಾಡತೂಸು ಹಾಕಬೇಕು, ಹಾರಿಸಬೇಕು, ಖಾಲಿ ಕೊಳವೆ ತೆಗೆದು ಮತ್ತೊಂದು ಹಾಕಬೇಕು. ಬೆಳೆ ಕಾಯಲು ಲೈಸೆನ್ಸ್ ಸಿಕ್ಕಿದ್ದ ಭಾವ ನನ್ನನ್ನೂ ಹಳಿಯಾಳದ ಸುಬೇದಾರ ಮಾಮಾನನ್ನೂ ಕರೆದುಕೊಂಡು ಹೋಗಿದ್ದರು. ಸುಬೇದಾರ ಮಾಮಾ ಪಲ್ಟಣಿನಿಂದ ನಿವೃತ್ತರಾದವರು. ಬಂದೂಕಿನ ವಿಷಯದಲ್ಲಿ ನಮ್ಮ ಕಡೆ ಅವರದೇ ಕೊನೆಯ ಮಾತು.

ಒಂದು ಬಂದೂಕಿನ ಬಾಯಿ ಸಣ್ಣದು, ಮೈ ಭಾರ. ಇನ್ನೊಂದರ ಬಾಯಿಯಲ್ಲಿ ಕಿರುಬೆರಳು ಇಳಿಯುತ್ತಿತ್ತು. ಸಾಹೇಬ ಆನೆಗೆಂದು ತರಿಸಿದ್ದಂತೆ. ಅಷ್ಟು ದೊಡ್ಡ ಗುಂಡಿನದಾದರೂ ಎತ್ತಿದರೆ ಆಶ್ಚರ್ಯವಾಗುವಷ್ಟು ಹಗುರ. ಸುಬೇದಾರ ಮಾಮಾ ಅದನ್ನು ಹಿತ್ತಲಿಗೆ ಒಯ್ದು ಒಂದು ಸಲ ಹಾರಿಸಿ ಬಂದರು. ಅಂಗಿಯ ಗುಂಡಿ ಬಿಚ್ಚಿ, ಕೆಂಪಾದ ಭುಜವನ್ನು ಲಿಲಾವಿಗೆ ಬಂದವರಿಗೆಲ್ಲ ತೋರಿಸಿದರು.

"ಬಂದೂಕ ಅಂದ್ರ ಒದಿಬೇಕೋ ರುದ್ರಪ್ಪ! ಒದಿಲಾರದ್ದು ಬಂದೂಕ ಅಲ್ಲ, ಲಟ್ಟಣಿಗಿ!"

ಲಟ್ಟಣಿಗೆ ಕೊಳ್ಳಲು ಯಾವ ಗಂಡಸು ಬೆಳಗ್ಗೆದ್ದು ದಾಂಡೇಲಿಯವರೆಗೆ ಹೋಗುತ್ತಾನೆ? ಭಾವ ಆನೆ ಬಂದೂಕನ್ನೇ ಹೆಗಲಿಗೇರಿಸಿಕೊಂಡು ಬಂದರು.

ನಮ್ಮ ಜನರ ಸ್ವಭಾವವೇ ಇದು. ಹೊಡೆಯದ ಮಾಸ್ತರು ನಮಗೆ ಮಾಸ್ತರಲ್ಲ. ಕಣ್ಣಲ್ಲಿ ನೀರು ತರಿಸದ ಚಟ್ನಿ ಚಟ್ನಿಯಲ್ಲ. ಗದರದ ಸಾಹೇಬನಿಗೆ ಕಚೇರಿಯ ಜವಾನ ನೀರನ್ನೂ ತಂದುಕೊಡುವುದಿಲ್ಲ. ಹಾಲು ಕೊಡುವ ಎಮ್ಮೆ ಒದ್ದರೂ ಸಹಿಸಬೇಕು ಎನ್ನುತ್ತಾರೆ ಹಿರಿಯರು. ಒಪ್ಪಿದೆ. ಆದರೆ ಒದೆಯುವ ಎಮ್ಮೆಗಳೆಲ್ಲ ಹಾಲು ಕೊಡುತ್ತವೆಯೇ?

ಎಲುಬು ಕೂಡಿತು, ವರ್ಷ ತಿರುಗಿತು. ಈ ಸಲ ಮಹಾನವಮಿಗೆ ಅಕ್ಕ ಬಂದೂಕಿಗೆ ಚೆಂಡುಹೂವಿನ ಮಾಲೆ ಹಾಕಿದಳು. ಭಾವ ಕೈಮುಗಿದರು, ತುಸು ದೂರದಿಂದಲೇ. ಭತ್ತ ತೆನೆಗಟ್ಟಿತು, ಹಂದಿಗಳ ಹಿಂಡು ಬಂತು. ಭಾವ ಅಟ್ಟ ಹತ್ತಿ ಹಾರಿಸಿದರು, ಗುಂಡು ಎಲ್ಲೋ ಹೋಯಿತು. ಮರುದಿನವೂ ಹಾಗೇ. ಹಂದಿ ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು.

ಕಡೆಗೊಂದು ದಿನ ಭಾವ ಊಟಕ್ಕೆ ಕೂತವರು ಹೇಳಿಬಿಟ್ಟರಂತೆ, "ಸುಗ್ಗಿ ಮುಗೀಲಿ. ಕಾಡಿನ ಮಗ್ಗಲದ ಗದ್ದಿ ಲಾವಣಿಗೆ ಹಾಕಿಬಿಡ್ತೇನಿ. ಕಾಯೂದು ನನ್ನ ಕೈಲಿ ಆಗೂದಿಲ್ಲ."

ಆ ಗದ್ದೆಯ ವಿಷಯ ನಿಮಗೆ ಗೊತ್ತಿಲ್ಲ. ಅದು ಹಿರಿಯರು ಬಿಟ್ಟುಹೋದದ್ದಲ್ಲ. ಮದುವೆಯಾದ ಹೊಸದರಲ್ಲಿ ಅಕ್ಕ, ಭಾವ ಇಬ್ಬರೇ ಮುಳ್ಳು ಕಡಿದು, ಬೇರು ಕಿತ್ತು, ಕಲ್ಲು ಹೊತ್ತು ಬದು ಕಟ್ಟಿ ಮಾಡಿದ ನೆಲ. ಅಕ್ಕನಿಗೆ ಅಲ್ಲಿನ ಒಂದೊಂದು ಕಲ್ಲಿನ ಗುರುತೂ ಉಂಟು. ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟು ಬೇರೆಯವರು ಉತ್ತು ಬಿತ್ತುವುದನ್ನು ನೋಡಿಕೊಂಡಿರಬೇಕೇ? ಅವಳು ಅತ್ತಳೋ ಬೈದಳೋ ಗೊತ್ತಿಲ್ಲ. ಹಳಿಯಾಳದ ಸಂತೆಗೆ ಬಂದವರ ಕೈಯಲ್ಲಿ ನನಗೆ ಹೇಳಿಕಳಿಸಿದಳು: "ತಮ್ಮಾ, ಇದ್ದಂಗ ಎದ್ದು ಬಾ."

ಹೋದೆ. ಸುಬೇದಾರ ಮಾಮಾ ಕೇಳದೆಯೇ ಚಕ್ಕಡಿ ಹತ್ತಿದರು.

ಸಂಜೆಯ ಮುಂಚೆ ಗದ್ದೆಯ ಬದುವಿಗೆ ಸೆಗಣಿಯ ಒಂದು ಕುಳ್ಳು ಆನಿಸಿಟ್ಟು ಗುರಿ ಹೊಡೆಯಲು ಶುರುಮಾಡಿದೆವು. ಭಾವನ ಬಲಗೈ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿರಲಿಲ್ಲ. ಹೀಗಾಗಿ ಕಾಡತೂಸು ತುಂಬಿಕೊಡುವುದು ಅಕ್ಕನ ಕೆಲಸ. ಅವಳ ಮಗ್ಗುಲಲ್ಲೊಂದು ಬುಟ್ಟಿ. ಹಾರಿಸಿದ ಖಾಲಿ ಕೊಳವೆಗಳನ್ನೂ ಅದರಲ್ಲೇ ಹಾಕುತ್ತಿದ್ದಳು. (ಹೊಳೆಯುವ ಹಿತ್ತಾಳೆ ಬಿಸಾಡಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ?) ಭಾವ ಎರಡು ಸಲ ಹಾರಿಸಿದರು. ಕುಳ್ಳು ಇದ್ದಲ್ಲೇ ಇತ್ತು. ಅಕ್ಕ ಹಿಂದೆ ತಿರುಗಿ ಅವ್ವನ ಮೊಣಕಾಲು ನೋವಿನ ಸಂಗತಿ ಕೇಳುತ್ತ, ಮಾತಿನ ಭರದಲ್ಲಿ ಬುಟ್ಟಿಗೆ ಕೈ ಹಾಕಿ ಒಂದನ್ನು ತುಂಬಿ ಕೊಟ್ಟಳು.

ಭಾವ ಗುರಿ ಹಿಡಿದರು. ಟ್ರಿಗರ್ ಎಳೆದರು.

ಟಕ್.

ಅಷ್ಟೇ ಸಪ್ಪಳ. ಹೊಗೆಯಿಲ್ಲ, ಗುಂಡಿಲ್ಲ. ಆದರೆ ಭಾವ? ಭುಜ ಹಿಂದಕ್ಕೆ ಹಾರಿತ್ತು. ಮುಖ ಪಕ್ಕಕ್ಕೆ ತಿರುಗಿತ್ತು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಬಂದೂಕಿನ ಮೂತಿ ನೆಲ ನೋಡುತ್ತಿತ್ತು. ಬಾರದ ಒದೆಗಾಗಿ ಹಲ್ಲು ಕಚ್ಚಿ ನಿಂತೇ ಇದ್ದರು.

"ಅಯ್ಯ, ಖಾಲೀದು ಹಾಕೇನಲ್ಲ!" ಎಂದಳು ಅಕ್ಕ. ಆಮೇಲೆ ಗಂಡನ ಮುಖ ನೋಡಿ ಮೆಲ್ಲಗೆ ಕೇಳಿದಳು, "ಅಲ್ರೀ, ಅದು ಒದೀಲೇ ಇಲ್ಲ. ನೀವ್ಯಾಕ ಬೆಚ್ಚಿದ್ರಿ?"

ಭಾವ ಬದುವಿನ ಮೇಲೆ ಕೂತುಬಿಟ್ಟರು. "ಬಂದೂಕಿಂದೇನೂ ತಪ್ಪಿಲ್ಲ ಈರಣ್ಣಾ," ಎಂದರು ನನಗೆ. "ಗುಂಡ ಹೋಗೂಕಿಂತ ಮೊದಲ ನಾನೇ ಓಡಿಹೋಗಿರ್ತೇನಿ. ಹೋದ ವರ್ಷದ ನೋವು ಇನ್ನೂ ಮೈಯಾಗ ಕುಂತೈತಿ." ದೊಡ್ಡ ಮನುಷ್ಯ ಹೀಗೆ ಹೇಳುವುದನ್ನು ಕೇಳಿ ನನಗೆ ನಾಚಿಕೆಯಾಯಿತು. ಇಷ್ಟು ದಿನ ಆ ಮರದ ಕತೆ ಹೇಳಿ ಹಳಿಯಾಳವನ್ನೆಲ್ಲ ನಗಿಸಿದವನು ನಾನೇ.

"ಅರೇ ಬಾಬಾ, ಇದೇನ ಹಚ್ಚೀರಿ! ಕೊಡ ಇಲ್ಲಿ," ಎಂದು ಸುಬೇದಾರ ಮಾಮಾ ಮೀಸೆ ತಿರುವಿ ಕೈ ಚಾಚಿದರು. ಅಕ್ಕ ಅವರಿಗೆ ಬೆನ್ನು ಮಾಡಿ, ಬುಟ್ಟಿಯಲ್ಲಿ ಹುಡುಕಿ, ತುಂಬಿಕೊಟ್ಟಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸುಬೇದಾರರು ಗತ್ತಿನಿಂದ ನಿಂತರು, ಎಳೆದರು. ಟಕ್. ಭಾವ ಗೇಣು ಹಾರಿದ್ದರೆ ಇವರು ಮೊಳ ಹಾರಿದರು!

"ಗಾಳಿ ಬಂತು," ಎಂದರು.

ಭತ್ತದ ಒಂದು ಎಲೆಯೂ ಆಗ ಅಲುಗುತ್ತಿರಲಿಲ್ಲ. ಮೊದಲು ನಕ್ಕವರು ಭಾವ. ವರ್ಷದ ಮೇಲೆ ಅವರು ಹಾಗೆ ಹೊಟ್ಟೆ ಹಿಡಿದು ನಕ್ಕದ್ದನ್ನು ನೋಡಿದೆ.

ಮುಂದಿನ ಸರದಿ ನನ್ನದು. ನಾನು ಶಾಣ್ಯಾ. ಖಾಲಿಯದನ್ನೇ ತುಂಬಿರುತ್ತಾಳೆಂದು ತಿಳಿದು, ಬೆಚ್ಚಬಾರದೆಂದು ಮೈಯನ್ನೆಲ್ಲ ಸಡಿಲ ಬಿಟ್ಟು, ಬಂದೂಕನ್ನು ಭುಜಕ್ಕೆ ಒತ್ತದೆ ಹಗುರಾಗಿ ಹಿಡಿದು ಎಳೆದೆ. ಅದರಲ್ಲಿ ಗುಂಡಿತ್ತು. ಕಣ್ಣು ಬಿಟ್ಟಾಗ ಕೆಸರಿನಲ್ಲಿ ಅಂಗಾತ ಬಿದ್ದಿದ್ದೆ. ಹೋದ ತಿಂಗಳು ಒಂದು ವಾರ ಈ ಅಂಕಣ ಯಾಕೆ ಬರಲಿಲ್ಲವೆಂದು ಕಾರ್ಡು ಬರೆದು ಕೇಳಿದವರಿಗೆಲ್ಲ ಇದೇ ಉತ್ತರ. ಲೇಖನಿ ಹಿಡಿಯಲು ಬಲಗೈ ಮೇಲೇಳುತ್ತಿರಲಿಲ್ಲ.

ಅವತ್ತು ರೊಟ್ಟಿ ಬಡಿಯುತ್ತಲೇ ಅಕ್ಕ ತೀರ್ಮಾನ ಹೇಳಿದಳು. "ನಮಗ ಬರೂದು ಹಂದಿ. ಮತ್ತ ಆನಿ ಬಂದೂಕ ಯಾಕ್ರಿ? ಬದಲಿ ಮಾಡೂಣು."

"ಮಂದಿ ಏನಂತಾರ?" ಎಂದರು ಭಾವ.

"ಮಂದಿ ಬಂದು ನಮ್ಮ ಗದ್ದಿ ಕಾಯ್ತಾರೇನು?"

ಲೈಸೆನ್ಸಿಗಾಗಿ ಕಚೇರಿಗೆ ಎಡತಾಕಿ, ಬೆಳಗಾವಿಯ ಬಂದೂಕಿನ ಅಂಗಡಿಗೆ ಹೋದೆವು. ಅಕ್ಕನೂ ಬಂದಳು. ಅಂಗಡಿಯವನು ಅವಳಿಗೆ ಕುರ್ಚಿ ಹಾಕಿ, ಮಾತು ಮಾತ್ರ ನಮ್ಮ ಜೊತೆ ಆಡಿದ. ಭಾವನ ಕೈ ಹಳೆಯ ಚಟದಂತೆ ಹಗುರವಾದದ್ದರ ಕಡೆಗೇ ಹೋಯಿತು. ನಾನು ತಡೆದೆ. (ಒದೆ ತಿಂದವನ ಅನುಭವ!) ಹಗುರ ಬಂದೂಕು ಹೊರುವಾಗ ಗೆಳೆಯ, ಹಾರಿಸುವಾಗ ವೈರಿ. ಬಂದೂಕಿಗೆ ತೂಕವಿದ್ದರೆ ಒದೆಯ ಅರ್ಧಪಾಲನ್ನು ಅದೇ ನುಂಗಿಕೊಳ್ಳುತ್ತದೆ. ನಾವು ಮಾತ್ರ ತೂಕದ ಮನುಷ್ಯನನ್ನು ಬಿಟ್ಟು ಹಾರಾಡುವವನನ್ನೇ ಪಂಚಾಯತಿಗೆ ಆರಿಸುತ್ತೇವೆ, ಆ ಮಾತು ಬೇರೆ.

ಸಣ್ಣ ಬಾಯಿಯ, ಭಾರದ, ಒಂಟಿ ಗುಂಡಿನದೇ ಒಂದು ಸಿಕ್ಕಿತು. ಭುಜಕ್ಕೆ ಆನಿಸುವ ತುದಿ ಹಳೆಯದರಲ್ಲಿ ಕುಡಗೋಲಿನಂತೆ ಬಾಗಿದ ಕಬ್ಬಿಣ. ಇದರದು ಅಗಲ, ಸಪಾಟು. ಅಗಲವಿದ್ದರೆ ನೋವು ಹಂಚಿಹೋಗುತ್ತದೆ. ಭುಜದಿಂದ ಟ್ರಿಗರಿನವರೆಗೆ ಉದ್ದ ತುಸು ಕಡಿಮೆಯಾಯಿತೇನೋ ಎಂದು ಭಾವ ಅನುಮಾನಿಸಿದರು. ಕುರ್ಚಿಯಲ್ಲಿದ್ದ ಅಕ್ಕ ಬಾಯಿ ಬಿಟ್ಟಳು, "ಇರಲಿ ಬಿಡ್ರಿ. ಅದಕ್ಕೊಂದು ಕೌದಿ ಹೊಲಿಯೂದೈತಿ. ಆಗ ಉದ್ದ ಆಗ್ತೈತಿ." ಅಂಗಡಿಯವನು ಆಗ ಅವಳ ಕಡೆ ತಿರುಗಿದ.

ಕೌದಿ ಹೊಲಿದಳು. ಹಳೆಯ ಇಳಕಲ್ಲ ಸೀರೆಯ ಪದರಿನ ಮೇಲೆ ಪದರಿಟ್ಟು, ಅಂಗೈಯಗಲದ ಕೌದಿ. ಕೂಸಿಗೆ ಕುಲಾಯಿ ಕಟ್ಟಿದಂತೆ ಬಂದೂಕಿನ ಹಿಂಬದಿಗೆ ಕಟ್ಟಿದಳು. ಆಮೇಲೆ ದಿನಾ ಸಂಜೆ ಅದೇ ಆಟ. ಒಮ್ಮೆ ಖಾಲಿ, ಒಮ್ಮೆ ತುಂಬಿದ್ದು; ಯಾವುದೆಂದು ಅವಳಿಗೆ ಮಾತ್ರ ಗೊತ್ತು. ಭಾವ ಮೊದಮೊದಲು ಬೆಚ್ಚಿದರು, ಸಿಟ್ಟಾದರು, ಬಂದೂಕು ಕೆಳಗಿಟ್ಟು ಮನೆಗೂ ನಡೆದರು. ಮರುದಿನ ಮತ್ತೆ ಬಂದರು. ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಮೈಯನ್ನು ತುಸು ಮುಂದಕ್ಕೆ ಬಾಗಿಸುವುದು, ಒದೆ ಬಂದಾಗ ಎದುರು ನಿಲ್ಲದೆ ಅದರ ಜೊತೆ ಹಿಂದಕ್ಕೆ ಹೋಗುವುದು, ಎಲ್ಲ ಒಂದೊಂದಾಗಿ ಕಲಿತರು. ಒಂದು ಸಂಜೆ ಖಾಲಿ ಕಾಡತೂಸಿಗೆ ಟಕ್ ಎಂದಾಗ ಬಂದೂಕಿನ ಮೂತಿ ಕೂದಲೆಳೆಯಷ್ಟೂ ಕದಲಲಿಲ್ಲವಂತೆ. ಅವತ್ತು ಅಕ್ಕ ಹೋಳಿಗೆ ಮಾಡಿದಳು.

ಮೊನ್ನೆ ಸೋಮವಾರ ನಾನೂ ಅಟ್ಟದ ಮೇಲಿದ್ದೆ. ಭಾವ ಈಗ ಮರಕ್ಕೆ ಬೆನ್ನು ಕೊಡುವುದಿಲ್ಲ. ಅಟ್ಟದ ಸುತ್ತ ಬಿದಿರಿನ ಅಡ್ಡಪಟ್ಟಿ ಕಟ್ಟಿಸಿದ್ದಾರೆ, ಮರಕ್ಕೂ ಅವರಿಗೂ ನಡುವೆ ಮೊಳದಷ್ಟು ಜಾಗ. ಹೊತ್ತು ಇನ್ನೂ ಪೂರ್ತಿ ಮುಳುಗಿರಲಿಲ್ಲ. ಒಂಟಿ ಹಂದಿ, ದೊಡ್ಡದು, ಬದು ಹಾರಿ ಭತ್ತಕ್ಕೆ ಇಳಿಯಿತು. ನಾನು ಹಂದಿಯನ್ನು ನೋಡಲಿಲ್ಲ, ಭಾವನ ಮುಖ ನೋಡುತ್ತಿದ್ದೆ. ಈ ಸಲವೂ ತಪ್ಪಿದರೆ ಇವರು ಮತ್ತೆ ಈ ಮರ ಹತ್ತುವುದಿಲ್ಲ ಎಂದು ನನಗೆ ಗೊತ್ತಿತ್ತು.

ಟ್ರಿಗರ್ ಎಳೆದರು. ಕಣ್ಣು ತೆರೆದೇ ಇತ್ತು.

ಚಕ್ಕಡಿ ತಗ್ಗುದಿಣ್ಣೆ ದಾಟುವಾಗ ತೂಗಿದಂತೆ ಭಾವ ಒಂದಿಷ್ಟು ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು. ಹಂದಿ ನಿಂತಲ್ಲೇ ಉರುಳಿತು. ಒದ್ದಾಡಲಿಲ್ಲ, ಗಾಯ ಹೊತ್ತು ಕಾಡಿಗೆ ಓಡಲಿಲ್ಲ. ನಾವು ಲಿಂಗವಂತರು, ಜೀವ ತೆಗೆಯುವುದು ನಮಗೆ ಸುಖದ ಕೆಲಸವಲ್ಲ. ಭಾವ ಕೆಳಗಿಳಿದು ಅದರ ಮುಂದೆ ನಿಂತು ಕೈಮುಗಿದರು. ಅದನ್ನು ಒಯ್ಯಲು ಕೇರಿಯವರು ಬಂದರು, ಅವರ ಮನೆಗಳಲ್ಲಿ ಆವತ್ತು ಹಬ್ಬ.

ಬಂದೂಕಿನ ಸಪ್ಪಳ ಕೇಳಿ ಅಕ್ಕ ಓಡಿಬಂದಳು. "ಭುಜ ಹೆಂಗೈತ್ರಿ?" ಎಂದಳು ಏದುಸಿರು ಬಿಡುತ್ತ.

ಭಾವನಿಗೆ ಆ ಮಾತು ಕೇಳಿಸಲೇ ಇಲ್ಲ. ಒಂದು ತೆನೆ ಕಿತ್ತು ಅಂಗೈಯಲ್ಲಿ ತಿಕ್ಕಿ, ಕಾಳು ಊದಿ ನೋಡುತ್ತಿದ್ದರು. "ಕೇಳಿಲ್ಲಿ," ಎಂದರು, "ಬರೂ ವರ್ಷ ಈ ಗದ್ದ್ಯಾಗ ಯಾವ ಭತ್ತ ಹಾಕೂಣು?"

ಮೂವರೂ ಬದುವಿನ ಮೇಲೆ ಕೂತು, ಕತ್ತಲಾಗುವವರೆಗೆ ಬರುವ ವರ್ಷದ ಬೀಜದ ಮಾತಾಡಿದೆವು.

ಅಂದಹಾಗೆ ಓದುಗರೇ, ಒದೆ ಬೀಳುವ ಮೊದಲೇ ಬೆಚ್ಚಿ, ನೀವು ಯಾವ ಗದ್ದೆಯನ್ನು ಲಾವಣಿಗೆ ಹಾಕಿ ಕೂತಿದ್ದೀರಿ?