ಚಿನ್ನದ ಕಿವಿಗೆ ಹೂವು

ಆ ಸಂಗೀತದ ಕ್ಲಬ್ಬಿಗೆ ಬರುವ ಹುಡುಗ ಹುಡುಗಿಯರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಕ್ಲಬ್ ಕಟ್ಟಿಸಿದ್ದು ಅವಳ ಅಪ್ಪ. ಮೇಲೆ ಮನೆ, ಕೆಳಗೆ ವೇದಿಕೆ. ಮೇಲೆ ಊಟದ ತಟ್ಟೆ ನಡುಗಿದರೆ ಕೆಳಗೆ ಡ್ರಮ್ಸ್ ಶುರುವಾಯಿತೆಂದು ಅರ್ಥ. ಅಪ್ಪ ಹೋದ ಮೇಲೆ ತಮ್ಮ ಬುಕಿಂಗ್ ನೋಡಿಕೊಂಡ, ಬಂದವರ ಬೆನ್ನು ತಟ್ಟುವುದನ್ನೂ ನೋಡಿಕೊಂಡ. ಅಮ್ಮ ಟಿಕೆಟ್ ಕಿಟಕಿಯಲ್ಲಿ ಕೂತಳು. ಹಿಂದಿನ ಮೂಲೆಯ ಸೌಂಡ್ ಮೇಜು ಅಕ್ಕನದು.

"ನನ್ನ ಮಗಳದು ಹಿತ್ತಾಳೆ ಕಿವಿಯಲ್ಲ, ಚಿನ್ನದ ಕಿವಿ" ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ನಿಜವೇ. ಗಿಟಾರಿನ ಒಂದು ತಂತಿ ಕೂದಲೆಳೆಯಷ್ಟು ಸಡಿಲವಾದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಮನೆಯವರ ಮಾತಿನಲ್ಲಿ ಮಾತ್ರ ಆ ಕಿವಿ ಅಪಸ್ವರ ಹುಡುಕುತ್ತಿರಲಿಲ್ಲ. "ನಿನ್ನ ಕೇಳದೆ ಇಲ್ಲಿಂದ ಒಂದು ಮೊಳೇನೂ ಕೀಳಲ್ಲ ಅಕ್ಕಾ" ಎಂದು ತಮ್ಮ ಮಾತು ಕೊಟ್ಟಿದ್ದ. ಅದನ್ನು ನಂಬಿ ಅವಳು ದೊಡ್ಡ ಸ್ಟುಡಿಯೋದವರು ಕರೆದರೂ ಹೋಗಲಿಲ್ಲ, ಹೆಣ್ಣು ನೋಡಲು ಬಂದವರನ್ನೂ ಸೌಂಡ್ ಮೇಜಿನ ಹಿಂದಿನಿಂದಲೇ ಸಾಗಹಾಕಿದಳು.

ಆ ದಿನ ಸಂಜೆ ಇಂಡೀ ಪಾಪ್ ಕಛೇರಿ. ಹಾಡುವ ಹುಡುಗಿ ತಾನೇ ಹಾಡು ಬರೆದು, ತಾನೇ ರಾಗ ಹಾಕಿ, ಯಾವ ಕಂಪನಿಯ ಹಂಗೂ ಇಲ್ಲದೆ ಮೇಲೆ ಬಂದವಳು. ಮೊದಲ ಸಲ ಇದೇ ವೇದಿಕೆಯಲ್ಲಿ ನಡುಗುತ್ತ ನಿಂತಾಗ ಅವಳ ಸಣ್ಣ ದನಿಯನ್ನು ಜನಕ್ಕೆ ಮುಟ್ಟಿಸಿದವಳು ಕಿವಿಯಕ್ಕ.

ಮಧ್ಯಾಹ್ನ ಮೈಕ್ ಪರೀಕ್ಷೆ ಮಾಡುವಾಗ ನಡುವಿನ ಮೈಕಿನಲ್ಲಿ ಏನೋ ಗುಂಯ್‌ಗುಟ್ಟಿತು. ಅಕ್ಕ ಅದರ ದನಿಯನ್ನು ಪೂರ್ತಿ ಇಳಿಸಿ, ತನಗೊಬ್ಬಳಿಗೇ ಕೇಳುವಂತೆ ಒಂದು ಗುಂಡಿ ಒತ್ತಿ, ಹೆಡ್‌ಫೋನ್ ಹಾಕಿಕೊಂಡು, ವೈರು ನೋಡಲು ಮೇಜಿನ ಕೆಳಗೆ ತೂರಿದಳು. ವೇದಿಕೆಯಿಂದ ನೋಡಿದವರಿಗೆ ಮೇಜು ಖಾಲಿ. ಮೈಕುಗಳ ನಡುವೆಯೇ ಬೆಳೆದ ತಮ್ಮ ಒಂದು ದಿನವೂ ಆ ಮೇಜಿನ ಹಿಂದೆ ಕೂತವನಲ್ಲ. ಸ್ಪೀಕರಿನಲ್ಲಿ ಸದ್ದಿಲ್ಲವೆಂದರೆ ಮೈಕ್ ಬಂದ್ ಎಂದೇ ಅವನ ಲೆಕ್ಕ.

ಹೆಡ್‌ಫೋನಿನಲ್ಲಿ ಮೊದಲು ಕೇಳಿದ್ದು ಹಾಡುವ ಹುಡುಗಿಯ ದನಿ. "ಅಣ್ಣಾ, ಇದು ಕೊನೇ ಶೋ ಅಂತ ಕಿವಿಯಕ್ಕಂಗೆ ಗೊತ್ತು ತಾನೇ?"

"ಇಲ್ಲ ಕಣಮ್ಮ. ಜಾಗ ಮಾರಿಯಾಯ್ತು, ಸೋಫಾ ಅಂಗಡಿಯವರು ಬರ್ತಾರೆ. ನೀನು ಬಾಯಿ ಬಿಡಬೇಡ." ಅದು ತಮ್ಮನ ದನಿ.

ಆಮೇಲೆ ನೀರಿನ ಬಾಟಲಿ ಇಟ್ಟ ಸದ್ದು, ಅಮ್ಮನ ದನಿ. "ಈಗಲೇ ಹೇಳಿದ್ರೆ ಅವಳು ಇವತ್ತು ಕೂರಲ್ಲ, ಶೋ ಕೆಡುತ್ತೆ. ಮುಗೀಲಿ. ನಾನು ಸಮಾಧಾನ ಮಾಡ್ತೀನಿ, ನಾನು ಏನು ಹೇಳಿದ್ರೂ ಅವಳು ನಂಬ್ತಾಳೆ."

ವೈರು ಹಿಡಿದ ಕೈ ಹಾಗೇ ನಿಂತಿತು. ತಮ್ಮನ ಮಾತಿಗೆ ಸಿಟ್ಟು ನೆತ್ತಿಗೇರಿತ್ತು; ಅಮ್ಮನ ಮಾತಿಗೆ ಆ ಸಿಟ್ಟೂ ಇಳಿದುಹೋಗಿ ಅಳು ಬಂತು. ಕೂರಿಸಿಕೊಂಡು ಕೇಳಿದ್ದರೆ ಒಪ್ಪುತ್ತಿದ್ದಳೋ ಏನೋ. ಯಾರೂ ಕೇಳಲಿಲ್ಲ. ಚಿನ್ನದ ಕಿವಿ ಎಂದು ಹೊಗಳಿಕೊಂಡೇ ಮನೆಮಂದಿಯೆಲ್ಲ ಸೇರಿ ಅದೇ ಕಿವಿಗೆ ಹೂವಿಟ್ಟಿದ್ದರು. ವೈರು ಸರಿಮಾಡಿ, ಮುಖ ಒರೆಸಿಕೊಂಡು ಎದ್ದಳು.

ಸಂಜೆ ಎದ್ದುಹೋಗಬಹುದಿತ್ತು, ಹೋಗಲಿಲ್ಲ. ಟಿಕೆಟ್ ಕೊಂಡು ಬಂದವರು ಅವಳಿಗೇನು ಅನ್ಯಾಯ ಮಾಡಿದ್ದರು? ಹುಡುಗಿ ಚೆನ್ನಾಗಿಯೇ ಹಾಡಿದಳು, ಆದರೆ ಪ್ರತಿ ಸಲದಂತೆ ಹಾಡು ಮುಗಿದಾಗ ಹಿಂದಿನ ಮೂಲೆಯತ್ತ ಕೈ ಬೀಸಲಿಲ್ಲ.

ಕೊನೆಯ ಹಾಡಾದ ಮೇಲೆ ತಮ್ಮ ವೇದಿಕೆ ಹತ್ತಿ ನಡುವಿನ ಮೈಕ್ ಹಿಡಿದ. ಕ್ಲಬ್ ಮುಚ್ಚುತ್ತಿದೆ ಎಂದಾಗ ಜನ ಅಯ್ಯೋ ಎಂದರು. "ಇದು ಸುಲಭದ ತೀರ್ಮಾನ ಅಲ್ಲ. ನಾನು, ನಮ್ಮಕ್ಕ ಕೂತು ಮಾತಾಡಿ, ಇಬ್ಬರೂ ಅತ್ತು..."

ಅಕ್ಕನ ಬೆರಳು ಅವನ ದನಿ ಏರಿಸಿ ಇಳಿಸುವ ಗುಂಡಿಯ ಮೇಲೇ ಇತ್ತು. ಇಳಿಸಿಬಿಡಬಹುದಿತ್ತು. ಮೈಕ್ ಮುಂದೆ ಯಾರೇ ನಿಂತಿರಲಿ, ಅವರ ಮಾತು ಕಡೇ ಸಾಲಿಗೆ ಮುಟ್ಟಬೇಕು ಅನ್ನುವುದು ಅಪ್ಪ ಕಲಿಸಿದ ಪಾಠ. ದನಿಯನ್ನು ಇನ್ನಷ್ಟು ಏರಿಸಿದಳು, ಸುಳ್ಳು ಸ್ವಚ್ಛವಾಗಿ ಕೇಳಲಿ ಎಂದು. ಆಮೇಲೆ ಮೇಜಿನ ಮೇಲಿನ ಪುಟ್ಟ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡಳು. ಅದರಲ್ಲಿ ಆಡಿದ್ದು ವೇದಿಕೆಯಲ್ಲಿ ನಿಂತವರ ಕಾಲಬುಡದ ಸ್ಪೀಕರಿಗಷ್ಟೇ ಹೋಗುತ್ತದೆ, ಜನರಿಗೆ ಕೇಳುವುದಿಲ್ಲ.

"ಯಾವಾಗ ಕೂತು ಮಾತಾಡಿದ್ವೋ, ತಮ್ಮಾ?"

ಅವನ ಬಾಯಿ ತೆರೆದಂತೆಯೇ ಉಳಿಯಿತು. ಕಾಲಬುಡ ನೋಡಿದ, ಹಿಂದಿನ ಮೂಲೆ ನೋಡಿದ, ಮತ್ತೆ ಕಾಲಬುಡ ನೋಡಿದ. ಪಾಪ, ದುಃಖಕ್ಕೆ ಗಂಟಲು ಕಟ್ಟಿತು ಎಂದುಕೊಂಡ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವನು ಕೈಮುಗಿದು ಕೆಳಗಿಳಿದ.

ಜನ ಕರಗುವಾಗ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮೇಜಿನ ಬಳಿ ಬಂದಳು. "ಅವನ ಮಾತು ನಡುವೆ ನಿಂತೇಹೋಯ್ತಲ್ಲೇ. ಮೈಕ್ ಕೆಟ್ಟಿತ್ತಾ?"

ಅಕ್ಕ ಹೆಡ್‌ಫೋನ್ ತೆಗೆದು ಅಮ್ಮನ ಕೈಗೆ ಕೊಟ್ಟಳು.

"ಇಲ್ಲಮ್ಮ, ಸರಿಯಾಗೇ ಇತ್ತು. ಮಧ್ಯಾಹ್ನ ನೀನು ನೀರಿನ ಬಾಟಲಿ ಇಟ್ಟೆಯಲ್ಲ, ಆಗಲೂ ಸರಿಯಾಗೇ ಇತ್ತು."