ಫೋನ್ ನೋಡಿ ಹಾಕಿದ ಒತ್ತಡ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಕ್ರೈಸ್ಟ್‌ಚರ್ಚ್‌ನ ಒಂದು ಸರ್ವೆ ಕಂಪನಿಯಲ್ಲಿ ಸೀನಿಯರ್ ಸರ್ವೇಯರ್. ಸಮುದ್ರಮಟ್ಟದಿಂದ ಏಳುನೂರು ಮೀಟರ್ ಎತ್ತರದ ಕಣಿವೆಯೊಂದರಲ್ಲಿ, ಮನೆಗಳ ಹಿಂದಿನ ಗುಡ್ಡ ಜಾರುತ್ತಿದೆಯೇ ಎಂದು ಅಳೆಯುವ ಕೆಲಸ ನಮ್ಮದು. ಎದುರು ಬದಿಯಲ್ಲಿಟ್ಟ ಟೋಟಲ್ ಸ್ಟೇಷನ್ ಯಂತ್ರ ಗುಡ್ಡದ ಮೇಲೆ ಕೂರಿಸಿದ ಗಾಜಿನ ಪ್ರಿಸಂಗಳತ್ತ ಬೆಳಕು ಬಿಟ್ಟು, ಅದು ಮರಳಿ ಬರುವ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಗಾಳಿ ದಟ್ಟವಾದಷ್ಟೂ ಬೆಳಕು ನಿಧಾನ. ಹಾಗಾಗಿ ಸ್ಥಳದ ಉಷ್ಣಾಂಶ, ಗಾಳಿಯ ಒತ್ತಡ ಎರಡನ್ನೂ ಯಂತ್ರಕ್ಕೆ ಕೊಡಲೇಬೇಕು.

ಒತ್ತಡ ಅಳೆಯುವ ಬ್ಯಾರೋಮೀಟರ್ ಕೆಟ್ಟಿತ್ತು. ಹೊಸದು ತರಿಸಿ ಎಂದು ಬಡಕೊಂಡೆ. ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಹುಬ್ಬಳ್ಳಿಯ ಬಸವರಾಜ್ ಕಿವಿಗೇ ಹಾಕಿಕೊಳ್ಳಲಿಲ್ಲ. ನಾನು ರಜೆಯಲ್ಲಿದ್ದಾಗ ತಾವೇ ಹೋಗಿ ಅಳೆದು ಬಂದರು. ಪ್ರಿಸಂಗಳೆಲ್ಲ ಯಂತ್ರದ ಕಡೆಗೆ ಸರಿದಿವೆ ಎಂದು ವರದಿ ಹೋಯಿತು. ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿದರು. ಅದರಲ್ಲೊಂದು ಮಂಗಳೂರಿನ ನರ್ಸ್ ಲವೀನಾ ಅವರದು. ಮಂಡಿ ಆಪರೇಷನ್ ಆಗಿದ್ದ ಗಂಡನನ್ನು ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಅವರು ನಗರದ ರಿಕ್ಕರ್ಟನ್ ಬಡಾವಣೆಯ ಗೆಳತಿಯ ಮನೆ ಸೇರಿದರು.

ರಜೆ ಮುಗಿಸಿ ಬಂದು ಅಂಕಿ ನೋಡಿದರೆ ಮೈಯೆಲ್ಲ ಉರಿದುಹೋಯಿತು. ದೂರದ ಪ್ರಿಸಂ ಹೆಚ್ಚು ಸರಿದಿತ್ತು, ಹತ್ತಿರದ್ದು ಕಡಿಮೆ. ಗುಡ್ಡದ ಪಕ್ಕದ ಗಟ್ಟಿ ಬಂಡೆಗೆ ಕೂರಿಸಿದ್ದ ಪ್ರಿಸಂ ಕೂಡ ಸರಿದಿತ್ತು! ಬಂಡೆ ಎಲ್ಲಾದರೂ ನಡೆಯುತ್ತದೆಯೇ?

"ಒತ್ತಡ ಎಷ್ಟು ಹಾಕಿದ್ರಿ?" ಎಂದು ಬಸವರಾಜ್‌ಗೆ ಕೇಳಿದೆ.

"ಫೋನಿನ ವೆದರ್ ಆ್ಯಪ್‌ನ್ಯಾಗ ಇದ್ದದ್ದ ಹಾಕೀನ್ರಿ ಮೇಡಂ. ಸಾವಿರದ ಹದಿನೈದು. ಅದೇ ಊರಿಂದ ಐತಲ್ಲ?"

ಊರೇನೋ ಅದೇ. ಆದರೆ ಆ್ಯಪ್ ತೋರಿಸುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಆ ಎತ್ತರದಲ್ಲಿ ನಿಜವಾಗಿ ಇರುವುದು ಒಂಬೈನೂರ ಮೂವತ್ತರ ಆಸುಪಾಸು. ಇಲ್ಲದ ದಟ್ಟ ಗಾಳಿಯನ್ನು ನಂಬಿದ ಯಂತ್ರ ದೂರವನ್ನು ಕಿಲೋಮೀಟರಿಗೆ ಎರಡು ಸೆಂಟಿಮೀಟರ್‌ಗೂ ಮಿಕ್ಕಿ ಕಡಿಮೆ ತೋರಿಸಿತ್ತು. ಎರವಲು ಬ್ಯಾರೋಮೀಟರ್ ತಂದು ನಾನೇ ಮತ್ತೆ ಅಳೆದೆ. ಗುಡ್ಡ ಕದಲಿರಲಿಲ್ಲ.

"ಹೋಗ್ಲಿ ಬಿಡ್ರಿ, ಗುಡ್ಡ ಬೀಳಲಿಲ್ಲಲ್ಲ, ಅಷ್ಟು ಸಾಕು" ಅಂದರು ಬಸವರಾಜ್. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಲವೀನಾ ಅವರಿಗೆ ವಿಷಯ ತಿಳಿಸಲು ನಾನೇ ರಿಕ್ಕರ್ಟನ್‌ಗೆ ಹೋದೆ. ಅವರ ಗಂಡ ಗೆಳತಿಯ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದರು. ಫೋನಿನ ಆ್ಯಪ್ ನೋಡಿ ಹಾಕಿದ ಅಂಕಿಯಿಂದ ಅಳತೆ ತಪ್ಪಿತ್ತು, ಗುಡ್ಡ ಗಟ್ಟಿಯಾಗಿದೆ, ಧೈರ್ಯವಾಗಿ ಮನೆಗೆ ಹೋಗಿ ಎಂದೆ. ಲವೀನಾ ನನ್ನ ಮುಖವನ್ನೇ ನೋಡಿದರು.

"ಇದು ಯಾವ ಆ್ಯಪ್ ನೋಡಿ ಹೇಳುವುದು ಮಾರಾಯ್ರೆ?"

ಅಳತೆಯ ತಪ್ಪನ್ನು ಒಂದು ಮಧ್ಯಾಹ್ನದಲ್ಲಿ ತಿದ್ದಿದ್ದೆ. ನಾವು ಒಮ್ಮೆ ಸುಮ್ಮನೆ ಹೆದರಿಸಿದ ಜನರನ್ನು ಮತ್ತೆ ನಂಬಿಸುವ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ಕಣಿವೆಯ ಆ ಮನೆಗೆ ಇವತ್ತಿಗೂ ಬೀಗ.