ತಿರುವಿನಲ್ಲಿ ಬಿಕ್ಕುವ ಕಾರು

ಆ ಸಂಜೆ ದೇರೆಬೈಲಿನ ನನ್ನ ಮನೆಯ ಚಾವಡಿಯಲ್ಲಿ ಇದ್ದವರು ಮೂರೇ ಜನ: ಮೇಜಿಗೆ ಬಿಗಿದ ಆಟದ ಸ್ಟಿಯರಿಂಗ್ ಹಿಡಿದು ಕೂತ ವಾಸು ಭಾವ, ಅವರ ಬೆನ್ನ ಹಿಂದೆ ಚಹಾದ ಲೋಟ ಹಿಡಿದು ನಿಂತ ನನ್ನ ಅಕ್ಕ, ಮತ್ತು ಅವರಿಬ್ಬರ ಕಣ್ಣಿಗೆ ಅಡ್ಡವಾಗದಂತೆ ಗೋಡೆಗೆ ಒತ್ತಿಕೊಂಡಿದ್ದ ನಾನು. ಕಂಪ್ಯೂಟರನ್ನೂ ಸಭಾಸದನೆಂದು ಹಿಡಿಯುವುದಾದರೆ, ಅದು ಮೇಜಿನ ಕೆಳಗೆ ನೀಲಿ ಗವಸು ತೊಟ್ಟು, ಸೆಕೆಯ ಮದುವೆಯಲ್ಲೂ ಕೋಟು ಬಿಚ್ಚಲೊಲ್ಲದ ಮದುಮಗನ ಅಪ್ಪನ ಹಾಗೆ ಗಂಭೀರವಾಗಿ ಕೂತಿತ್ತು.

ಕಡಲತೀರದವರಲ್ಲದ ಓದುಗರಿಗೆ ಈ ಗವಸಿನ ಮರ್ಮ ಹೇಳಬೇಕು. ನಮ್ಮ ಊರಿನ ಗಾಳಿಗೆ ಉಪ್ಪಿನ ನಾಲಗೆ ಉಂಟು. ಅದು ಕಿಟಕಿಯ ಸರಳನ್ನು ನೆಕ್ಕುತ್ತದೆ, ಬೀಗವನ್ನು ನೆಕ್ಕುತ್ತದೆ, ಹೊಸ ಸೈಕಲ್ಲನ್ನು ಒಂದೇ ಮಳೆಗಾಲದಲ್ಲಿ ಅಜ್ಜನ ಸೈಕಲ್ಲಾಗಿ ಪರಿವರ್ತಿಸುತ್ತದೆ. ಆದ್ದರಿಂದ ಇಲ್ಲಿ ಯಂತ್ರಗಳು ಬತ್ತಲೆ ಇರುವುದು ಅಮರ್ಯಾದೆ: ಮಿಕ್ಸಿಗೊಂದು ಅಂಗಿ, ಗ್ರೈಂಡರಿಗೊಂದು ಲಂಗ, ವಾಷಿಂಗ್ ಮಿಷನ್ನಿಗೆ ಜಿಪ್ಪಿನ ಕೋಟು. ನಮ್ಮ ಅಮ್ಮ ಹೊಲಿದ ಗವಸಿನೊಳಗಿಂದಲೇ ರೇಡಿಯೋ ಹಾಡುತ್ತಿತ್ತು. ವಾರ್ತೆ ಓದುವವರೆಲ್ಲ ಕಂಬಳಿ ಹೊದ್ದು ಮಾತನಾಡುವವರೆಂದು ನಾನು ಬಹುಕಾಲ ನಂಬಿದ್ದೆ. ಇಂಥ ಸಂಸ್ಕಾರದವನು, ಐವತ್ತು ದಾಟಿದ ಬ್ರಹ್ಮಚಾರಿಗೆ ದೇವರು ದಯಪಾಲಿಸುವ ನಿರಂಕುಶ ಸ್ವಾತಂತ್ರ್ಯದಲ್ಲಿ, ಕಾರಿನ ರೇಸ್ ಆಡಲೆಂದೇ ಒಂದು ದುಬಾರಿ ಕಂಪ್ಯೂಟರು ತಂದರೆ ಮೊದಲು ಮಾಡುವುದೆಂತ? ಅದಕ್ಕೆ ಅಳತೆ ತೆಗೆಯುವುದು. ಅಕ್ಕ ಹಳೆಯ ರೈನ್‌ಕೋಟಿನ ಬಟ್ಟೆಗೆ ಮೆತ್ತನೆಯ ಅಸ್ತರು ಕೊಟ್ಟು, ಮುಂದೆ ಸ್ವಿಚ್ಚಿಗೊಂದು, ಹಿಂದೆ ವಯರುಗಳಿಗೊಂದು ಕಿಂಡಿ ಬಿಟ್ಟು, ಚೊಕ್ಕ ಗವಸು ಹೊಲಿದುಕೊಟ್ಟಳು. ಕಂಪ್ಯೂಟರು ಆಫೀಸಿನ ಕೆಲಸಕ್ಕೆಂದು ನಾನು ಅವಳಲ್ಲಿ ಹೇಳಿದ್ದೆ. ಸ್ಟಿಯರಿಂಗ್ ಬಂದ ದಿನ ಅವಳು ಅದನ್ನೂ ನನ್ನ ಮುಖವನ್ನೂ ನೋಡಿ, "ನಿನ್ನ ಆಫೀಸು ಯಾವ ಕಡೆಗೆ ಹೋಗ್ತದೆ?" ಎಂದು ಕೇಳಿದ್ದಳು.

ವಾಸು ಭಾವ ಅಕ್ಕನ ಗಂಡ. ನಮ್ಮದು ಒಂದೇ ಕಂಪೌಂಡಿನ ಎರಡು ಮನೆ. ಪ್ರಾಯದಲ್ಲಿ ಗಲ್ಫಿನ ಮರಳಿನಲ್ಲಿ, ಆಮೇಲೆ ಪಣಂಬೂರಿನ ಬಂದರಿನಲ್ಲಿ ಟ್ರೈಲರ್ ಓಡಿಸಿದವರು. ಭಾವಂದಿರ ನಡುವೆ ಪರಿಹಾಸ್ಯವೆಂಬುದು ನಮ್ಮಲ್ಲಿ ಪಿತ್ರಾರ್ಜಿತ ಆಸ್ತಿ. ತಾಳಮದ್ದಳೆಯ ಅರ್ಥ ಹೇಳುತ್ತಿದ್ದ ಅಜ್ಜನ ಮಡಿಲಲ್ಲಿ ಕೂತು ಕಲಿತ ನನ್ನ ದಪ್ಪ ಕನ್ನಡವನ್ನು ಕೇಳಿದಾಗೆಲ್ಲ ಅವರು, "ಇವ ನೀರು ಕೇಳ್ಲಿಕ್ಕೂ ಪೀಠಿಕೆ ಹಾಕ್ತಾನೆ ಮಾರಾಯ, ಅಷ್ಟರಲ್ಲಿ ಬಾಯಾರಿಕೆಯೇ ಹೋಗ್ತದೆ" ಎನ್ನುವರು. ಕಳೆದ ವರ್ಷ ಅವರಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಎಡಗೈಗೆ ಬಂದ ಜೋಮು ನಿಧಾನವಾಗಿ ಹೋಯಿತು, ಮಾತು ಸರಿಯಾಯಿತು, ಲೇವಡಿಯೂ ಹಿಂದಿರುಗಿತು. ಕೊನೆಯ ಸಲ ಹೋದಾಗ ಡಾಕ್ಟರು, "ಕಣ್ಣು ಸರಿ ಉಂಟು, ಕೈ ಸರಿ ಉಂಟು. ಧೈರ್ಯ ಬಂದರೆ ಇನ್ನು ಕಾರು ಓಡಿಸಬಹುದು" ಎಂದರು. ಧೈರ್ಯಕ್ಕೆ ಮಾತ್ರ ಚೀಟಿ ಬರೆದುಕೊಡಲಿಲ್ಲ. ಭಾವ ದಿನಾ ಬೆಳಿಗ್ಗೆ ಅಂಗಳದ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡುವರು, ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ಕೇಳುವರು, ಬಂದ್ ಮಾಡಿ ಇಳಿಯುವರು.

ಅದನ್ನು ಕಿಟಕಿಯಿಂದ ನೋಡಿ ನೋಡಿ ನಾನೇ ಹೇಳಿದೆ: "ಭಾವ, ಮೊದಲು ನನ್ನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ. ಯಾರಿಗೂ ತಾಗುವುದಿಲ್ಲ. ಇಂಥ ಮಿಷನ್ನು ಇಡೀ ಮಂಗಳೂರಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ." ಕೊನೆಯ ವಾಕ್ಯ ಅನವಶ್ಯಕವಾಗಿತ್ತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಆ ಸಂಜೆ ಮೊದಮೊದಲು ಅವರು ಓಡಿಸಿದ ಚಂದ ನೋಡಬೇಕಿತ್ತು. ಪರದೇಶದ ಯಾವುದೋ ಘಾಟಿಯ ತಿರುವುಗಳನ್ನು, ಬಾಳೆಎಲೆಯ ಮೇಲಿನ ಪಾಯಸವನ್ನು ಬೆರಳಿನಿಂದ ಸವರಿದ ಹಾಗೆ, ಸರಾಗವಾಗಿ ಸವರಿಕೊಂಡು ಹೋದರು. ಸ್ವಲ್ಪ ಹೊತ್ತಾಗಿರಬೇಕು, ದೃಶ್ಯ ಬಿಕ್ಕಿತು. ಒಂದು ಕ್ಷಣ ನಿಂತಿತು, ಹಾರಿತು, ಪುನಃ ನಿಂತಿತು. ತಿರುವಿನ ಆರಂಭ ಕಂಡಿತು, ಅಂತ್ಯ ಕಂಡಿತು, ನಡುವಿನದು ಕಾಣಲೇ ಇಲ್ಲ. ಕಾರು ಬೇಲಿಗೆ ಹೋಗಿ ಬಡಿಯಿತು. ಮತ್ತೆ ಹೊರಟರು, ಮತ್ತೆ ಬಡಿಯಿತು. ಭಾವ ಸ್ಟಿಯರಿಂಗಿನಿಂದ ಎಡಗೈ ಎತ್ತಿ, ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ಚಿತ್ರ ನಿಂತು ನಿಂತು ಹೋದ ಹಾಗೆ ಕಾಣ್ತದೆ," ಎಂದರು. "ನಿನಗೂ ಹಾಗೆ ಕಂಡಿತಾ?"

ನನಗೆ ಕಂಡಿತ್ತು. ಗೋಡೆಗೆ ಒತ್ತಿಕೊಂಡಿದ್ದವನಿಗೆ ಸ್ಪಷ್ಟವಾಗಿ ಕಂಡಿತ್ತು. ಇಡೀ ಮಂಗಳೂರಿನಲ್ಲಿ ಸಿಗಲಾರದ ಮಿಷನ್ನು ಮುದಿ ಎಮ್ಮೆಯ ಹಾಗೆ ಮುಗ್ಗರಿಸುತ್ತಿದ್ದುದನ್ನು ಅಕ್ಕನ ಎದುರು ಒಪ್ಪಿಕೊಳ್ಳಲು ಮಾತ್ರ ನಾಲಗೆ ಏಳಲಿಲ್ಲ. "ಇಲ್ಲವಲ್ಲ ಭಾವ, ನನಗೆ ಸರಿ ಕಂಡಿತು," ಎಂದೆ.

"ಹಾಗಾದರೆ ಇದು ನನ್ನ ಮಂಡೆಯೊಳಗಿನದ್ದೇ," ಎಂದು ಅವರು ಎದ್ದರು. ಅಕ್ಕ, "ಬಚ್ಚಿತು ನಿಮಗೆ, ದಣಿದದ್ದು ಸಾಕು" ಎಂದು ಚಹಾ ಕೊಟ್ಟಳು. ಲೋಟವನ್ನು ಅವರು ಬಲಗೈಯಲ್ಲಿ ತೆಗೆದುಕೊಂಡರು. ಎಡಗೈಯನ್ನು ಲುಂಗಿಯ ಮಡಿಕೆಯಲ್ಲಿ ಬಚ್ಚಿಟ್ಟರು.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಮೊದಲು ಸರಾಗ, ಆಮೇಲೆ ಬಿಕ್ಕಳಿಕೆ. ದಣಿದ ಮನುಷ್ಯನ ಲಕ್ಷಣವೂ ಅದೇ ಕ್ರಮದಲ್ಲಿ ಬರುವುದರಿಂದ ಅವರಿಗೆ ಸಂಶಯವೇ ಹುಟ್ಟಲಿಲ್ಲ. ನನ್ನ ಲೆಕ್ಕಾಚಾರ ಸರಳವಾಗಿತ್ತು: ಯಾರಿಗೂ ತಿಳಿಯದ ಹಾಗೆ ಮಿಷನ್ನನ್ನು ಸರಿಮಾಡಿಬಿಟ್ಟರೆ ಭಾವ ತಾವಾಗಿ ಗುಣವಾಗುತ್ತಾರೆ, ಕಂಪ್ಯೂಟರಿನ ಮಾನವೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ.

ಅಲ್ಲಿಂದ ಶುರುವಾಯಿತು ನನ್ನ ಗುಪ್ತ ಚಿಕಿತ್ಸೆ. ಇಂಟರ್ನೆಟ್ಟಿನ ವೈದ್ಯರು ಒಬ್ಬೊಬ್ಬರು ಒಂದೊಂದು ಪಥ್ಯ ಹೇಳಿದರು. ನೆರಳು ಕಡಿಮೆ ಮಾಡಿ ಎಂದರು, ಮಾಡಿದೆ. ಮರಗಳ ಎಲೆ ಉದುರಿಸಿದೆ. ರಸ್ತೆಯ ಬದಿಯಲ್ಲಿ ಬಾವುಟ ಬೀಸುತ್ತಿದ್ದ ಪ್ರೇಕ್ಷಕರನ್ನು ಮನೆಗೆ ಕಳುಹಿಸಿದೆ. ಮೋಡ, ಮಂಜು, ನೀರಿನ ಹೊಳಪು, ಎದುರಾಳಿಗಳ ಕಾರಿನ ಕನ್ನಡಿಯಲ್ಲಿ ಕಾಣುವ ಬೆಟ್ಟ, ಒಂದೊಂದಾಗಿ ತ್ಯಜಿಸುತ್ತ ಬಂದು ಆ ಘಾಟಿಗೆ ಸಂಪೂರ್ಣ ಸನ್ಯಾಸ ಕೊಡಿಸಿದೆ. ಬಿಕ್ಕುವುದು ಸ್ವಲ್ಪ ತಡವಾಯಿತು, ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಭಾವ ನನ್ನ ಚಾವಡಿಯ ಮಂಚದಲ್ಲೇ ಊಟದ ನಿದ್ದೆಯಲ್ಲಿದ್ದಾಗ ಪರದೆಯ ಮೇಲೆ ಇನ್ನೊಂದು ಸಲಹೆ ಕಂಡಿತು: ಹಳೆಯ ಡ್ರೈವರನ್ನು ತೆಗೆದುಹಾಕಿ, ಹೊಸ ಡ್ರೈವರನ್ನು ಹಾಕಿರಿ. ಅದು ಯಂತ್ರದೊಳಗಿನ ತಂತ್ರಾಂಶದ ಹೆಸರೆಂದು ಗೊತ್ತಿದ್ದರೂ, ಗೊರಕೆ ಹೊಡೆಯುತ್ತಿದ್ದ ಆ ಮುಖವನ್ನು ನೋಡಿ ಗುಂಡಿ ಒತ್ತಲು ಕೈ ಹಿಂಜರಿಯಿತು. ಕಡೆಗೆ ಒತ್ತಿದೆ. ಅದರಿಂದಲೂ ಪ್ರಯೋಜನವಾಗಲಿಲ್ಲ.

ಅದೇ ವಾರ ಊಟಕ್ಕೆ ಕೂತಾಗ ಭಾವ ಮೆಲ್ಲಗೆ ಹೇಳಿದರು. "ತೊಕ್ಕೊಟ್ಟಿನ ಹಮೀದ್ ತನ್ನ ಮಗನಿಗೆ ಕಾರು ಹುಡುಕ್ತಾ ಇದ್ದಾನೆ. ನಮ್ಮದನ್ನು ಕೊಟ್ಟುಬಿಡ್ತೇನೆ." ಹಮೀದ್ ಅವರ ಬಂದರಿನ ಕಾಲದ ಗೆಳೆಯ.

"ಅವಸರ ಎಂತ?" ಎಂದಳು ಅಕ್ಕ.

"ಆಟದ ಕಾರನ್ನೇ ಬೇಲಿಗೆ ಹಾಕ್ತೇನೆ ನಾನು. ನೇತ್ರಾವತಿ ಸೇತುವೆಯ ಮೇಲೆ ಮಂಡೆ ಹೀಗೆ ನಿಂತರೆ? ನೀನು ಪಕ್ಕದಲ್ಲಿ ಕೂತಿರ್ತಿ."

ನನ್ನ ಬಾಯಲ್ಲಿ ಅನ್ನವಿತ್ತು. ಅದು ನೆಪವೆಂದು ಅನ್ನಕ್ಕೂ ಗೊತ್ತಿತ್ತು.

ರಜೆಯ ದಿನ ಅಕ್ಕ ಎರಡೂ ಮನೆಯ ಗವಸುಗಳನ್ನು ಒಟ್ಟುಮಾಡಿ ಒಗೆಯಲು ಒಯ್ದಳು, ಕಂಪ್ಯೂಟರಿನದ್ದೂ ಹೋಯಿತು. ಊಟವಾದ ಮೇಲೆ ಸುಮ್ಮನೆ ಆಟ ಹಚ್ಚಿದೆ. ಬಿಕ್ಕಲಿಲ್ಲ. ತ್ಯಜಿಸಿದ್ದ ಮರ, ಮೋಡ, ಪ್ರೇಕ್ಷಕರನ್ನೆಲ್ಲ ಕರೆಸಿದೆ. ಎಷ್ಟು ಹೊತ್ತು ಓಡಿಸಿದರೂ ಬಿಕ್ಕಲಿಲ್ಲ. ಬಗ್ಗಿ ಪೆಟ್ಟಿಗೆಯ ಹಿಂಬದಿಗೆ ಕೈಯಿಟ್ಟಾಗ ಬಿಸಿ ಉಸಿರು ಬೆರಳಿಗೆ ತಾಗಿತು, ಜ್ವರ ಬಂದ ಮಗುವಿನದರ ಹಾಗೆ. ಹಗ್ಗದಲ್ಲಿ ಒಣಗಿದ್ದ ಗವಸನ್ನು ತಂದು ತೊಡಿಸಿ ಪುನಃ ಆಡಿದೆ. ಸ್ವಲ್ಪ ಹೊತ್ತಿಗೆಲ್ಲ ಕಾರು ತಿರುವಿನಲ್ಲಿ ಬಿಕ್ಕಿತು. ಉಪ್ಪು ಒಳಗೆ ಹೋಗದಿರಲೆಂದು ನಾವು ಮಾಡಿದ ಉಪಚಾರದಲ್ಲಿ ಬಿಸಿ ಹೊರಗೆ ಹೋಗದೆ ಉಳಿದಿತ್ತು. ಮೈ ಕಾದ ಯಂತ್ರ ಸುಟ್ಟುಹೋಗದಿರಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು.

ಆ ಕ್ಷಣ ಅಂಗಳ ದಾಟಿ ಹೋಗಿ ಹೇಳಿಬಿಡುವ ಮನುಷ್ಯ ನಾನಾಗಿದ್ದರೆ ಈ ಪ್ರಬಂಧ ಇಲ್ಲಿಗೆ ಮುಗಿಯುತ್ತಿತ್ತು. ನಾನು ಕುರ್ಚಿಯಲ್ಲಿ ಕೂತು ಮಾತು ಹೊಸೆಯತೊಡಗಿದೆ. ಗವಸಿನ ಸುದ್ದಿ ಹೇಳಬೇಕು, "ನನಗೆ ಸರಿ ಕಂಡಿತು" ಎಂದದ್ದು ಮಾತ್ರ ಅದರಲ್ಲಿ ಹೊರಬೀಳಬಾರದು. ಅಂಥ ವಾಕ್ಯವೊಂದು ಕನ್ನಡದಲ್ಲಿ ಇದ್ದೇ ಇರಬೇಕೆಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಂಗಳದಲ್ಲಿ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು. ಭಾವನಿಗೆ ಧೈರ್ಯ ಬಂತೆಂದು ಸಂಭ್ರಮದಿಂದ ಕಿಟಕಿಗೆ ಹೋದೆ. ಸ್ಟಿಯರಿಂಗಿನಲ್ಲಿ ಹಮೀದರ ಮಗ ಇದ್ದ. ಭಾವ ಗೇಟಿನ ಬಳಿ ನಿಂತು, "ಬಲಕ್ಕೆ ತಿರುಗಿಸು, ಇನ್ನೂ ಬಲಕ್ಕೆ, ಹಾಂ, ಬರಲಿ ಬರಲಿ" ಎಂದು ಎರಡೂ ಕೈ ಬೀಸಿ ಹಿಂದಕ್ಕೆ ತೆಗೆಸುತ್ತಿದ್ದರು. ಆಗಲೂ ಕೂಗಬಹುದಿತ್ತು. ನನ್ನ ಪೀಠಿಕೆ ಇನ್ನೂ ಮುಗಿದಿರಲಿಲ್ಲ.

ಸಂಜೆ ಭಾವನನ್ನು ಕರೆದು ಕೂರಿಸಿದೆ. ಮಿಷನ್ನು ಬತ್ತಲೆ ಇತ್ತು. ಅವರು ಒಲ್ಲದ ಮನಸ್ಸಿನಿಂದ ಹೊರಟರು. ಘಾಟಿ ಹತ್ತಿದರು, ಇಳಿದರು, ಪುನಃ ಹತ್ತಿದರು. ಎಲ್ಲಿಯೂ ಬಿಕ್ಕಲಿಲ್ಲ. ಅವರ ಬೆನ್ನು ಒಂದಿಷ್ಟು ನೆಟ್ಟಗಾದದ್ದನ್ನು ನೋಡಿ, ಪೀಠಿಕೆಯನ್ನೆಲ್ಲ ಮರೆತು ಹೇಳಿದೆ: "ಭಾವ, ಆ ದಿನ ನನಗೂ ಚಿತ್ರ ನಿಂತದ್ದೇ ಕಂಡದ್ದು. ನಿಮ್ಮ ಕೈ ಅಲ್ಲ. ಗವಸು ಹಾಕಿ ಮಿಷನ್ನು ಕಾದದ್ದು."

ಅವರು ತಿರುಗಲಿಲ್ಲ. "ಗೊತ್ತಿದ್ದೂ ಹೇಳಲಿಲ್ಲವಾ?"

"ಹೇಳಲಿಲ್ಲ."

ಆ ಸುತ್ತನ್ನು ಅವರು ಪೂರ್ತಿ ಓಡಿಸಿದರು. ಕಾರು ನಿಲ್ಲಿಸಿ, ಎಡಗೈಯ ಬೆರಳುಗಳನ್ನು ಮಡಚಿ ಬಿಡಿಸಿ, "ಹಮೀದನ ಮಗ ಕ್ಲಚ್ಚಿನ ಮೇಲೆಯೇ ಕಾಲು ಇಡ್ತಾನೆ. ಹೇಳಿದ್ದೇನೆ, ಕೇಳಬೇಕಲ್ಲ," ಎಂದರು. ಕಾರನ್ನು ಹಿಂದೆ ಕೇಳೋಣವೆಂದು ನಾನು ಅಂದದ್ದಕ್ಕೆ, "ಕೊಟ್ಟದ್ದನ್ನು ಕೇಳುವ ಕ್ರಮ ಉಂಟಾ? ಹುಡುಗ ಮಾಲೆ ಹಾಕಿ ತಕ್ಕೊಂಡು ಹೋಗಿದ್ದಾನೆ," ಎಂದರು. ಅಕ್ಕ ಬಂದು ವಿಷಯ ಕೇಳಿ ಗಾಬರಿಯಾದಳು: "ನನ್ನ ಹೊಲಿಗೆಯಿಂದ ಆದದ್ದಾ?" ಭಾವ ನನ್ನ ಕಡೆ ನೋಡದೆ ಹೇಳಿದರು, "ಯಾರಿಗೂ ಗೊತ್ತಿರಲಿಲ್ಲ ಮಾರಾಯ್ತಿ. ಇವ ಇವತ್ತು ಕಂಡುಹಿಡಿದ." ಬೈದಿದ್ದರೆ ಆ ರಾತ್ರಿಯ ಊಟ ನನಗೆ ಇಳಿಯುತ್ತಿತ್ತು.

ನಮ್ಮ ಹಿರಿಯರು ಸುಳ್ಳಿಗೆ ದೊಡ್ಡ ದೊಡ್ಡ ನರಕಗಳನ್ನು ಹೇಳಿದ್ದಾರೆ. "ನನಗೆ ಸರಿ ಕಂಡಿತು" ಎಂಬಷ್ಟು ಸಣ್ಣ ಸುಳ್ಳಿಗೆ ಅಲ್ಲಿ ಪ್ರತ್ಯೇಕ ಕೋಣೆ ಇರಲಿಕ್ಕಿಲ್ಲ. ಆದರೆ ಒಂದು ಯಂತ್ರದ ದೋಷವನ್ನು ಎತ್ತಿ ಒಬ್ಬ ಮನುಷ್ಯನ ಮೈಯೊಳಗೆ ಇಡಲು ಅಷ್ಟೇ ಸಾಕಾಯಿತು. ಈಗಲೂ ಅವರು ಚಹಾದ ಲೋಟವನ್ನು ಯಾವ ಕೈಯಲ್ಲಿ ತೆಗೆದುಕೊಳ್ಳುತ್ತಾರೆಂದು ನಾನು ಕದ್ದು ನೋಡುತ್ತೇನೆ.

ನನ್ನದೂ ಒಂದು ಚಿಕ್ಕ ಕಾರು ಉಂಟು, ಆಫೀಸಿಗೆ ಹೋಗಿಬರಲು. ಮರುದಿನ ಅದರ ಕೀಲಿಕೈಯನ್ನು ಅವರ ಮನೆಯ ಟೀಪಾಯಿಯ ಮೇಲೆ ಇಟ್ಟು ಸಿಟಿ ಬಸ್ಸು ಹತ್ತಿದೆ. ಕೆಲವು ದಿನ ಕೀಲಿಕೈ ಅಲ್ಲಿಯೇ ಬಿದ್ದಿತ್ತು. ಪೇಪರು ಓದುವಾಗ ಭಾವ ಅದನ್ನು ಬದಿಗೆ ಸರಿಸುತ್ತಿದ್ದರಂತೆ.

ಕಳೆದ ಸೋಮವಾರ ನಾನು ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಪೇಟೆಯ ಕಡೆಯಿಂದ ನನ್ನ ಕಾರು ಬಂತು. ಪಕ್ಕದ ಸೀಟಿನಲ್ಲಿ ಅಕ್ಕ ಮೀನಿನ ಚೀಲ ಹಿಡಿದು ಕೂತಿದ್ದಳು. ಭಾವ ಬಲಗೈಯಲ್ಲಿ ಸ್ಟಿಯರಿಂಗ್ ಹಿಡಿದು ಎಡಗೈಯಲ್ಲಿ ಗೇರು ಬದಲಾಯಿಸಿದರು, ನನ್ನನ್ನು ನೋಡಿದರು, ಹಾರ್ನ್ ಒತ್ತಿದರು. ಕಾರು ನಿಲ್ಲಿಸಲಿಲ್ಲ.